ಪಂಪು ಹೊಡೆದವರು

ನನ್ನ ಅಕ್ಕನ ಮಗಳು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾಳೆ. ಎಂ.ಎಸ್ಸಿ. ಓದಿದ ಹುಡುಗಿ. ಮದುವೆ ಮಾತುಕತೆಗೆಂದು ಒಮ್ಮೆ ಹುಡುಗನ ಕಡೆಯವರು ಬಂದಿದ್ದಾಗ, ಹುಡುಗನ ಸೋದರತ್ತೆ "ಕೆಲಸ ಅಂದರೆ ಅಲ್ಲಿ ಏನು ಮಾಡ್ತೀಯಮ್ಮ?" ಎಂದು ಕೇಳಿದರು. ಇವಳು ಇದ್ದದ್ದನ್ನು ಇದ್ದ ಹಾಗೆ ಹೇಳುವವಳು. "ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ನಡೆಸ್ತೀನಿ. ಹೆಚ್ಚು ಹೊತ್ತು ಅದರ ವ್ಯಾಕ್ಯೂಮ್ ಪಂಪು ನೋಡಿಕೊಳ್ಳೋದೇ ಕೆಲಸ" ಅಂದಳು. ಆಕೆಗೆ ಅರ್ಥವಾದದ್ದು ಪಂಪು ಎಂಬ ಪದ ಮಾತ್ರ. "ನಮ್ಮೂರ ಪಂಚಾಯ್ತಿಯಲ್ಲೂ ಒಬ್ಬ ಇದಾನೆ, ಬೆಳಿಗ್ಗೆ ಸಂಜೆ ಪಂಪು ಹಾಕಿ ಟ್ಯಾಂಕು ತುಂಬಿಸ್ತಾನೆ" ಎಂದರು. ಕೇಸರಿಭಾತಿನ ತಟ್ಟೆ ಹಿಡಿದಿದ್ದವರೆಲ್ಲ ನಕ್ಕರು, ಇವಳೂ ನಕ್ಕಳು. ಆ ಸಂಬಂಧ ಕೂಡಿಬರಲಿಲ್ಲ. ಅದಕ್ಕೆ ಜಾತಕ ಕಾರಣವೇ ಹೊರತು ಪಂಪು ಅಲ್ಲ.

ಟ್ಯಾಂಕು ತುಂಬಿಸುವವನ ಕೆಲಸ ಸಣ್ಣದೆಂದು ನಾನು ಹೇಳಲಾರೆ. ಅವನು ಎರಡು ದಿನ ರಜ ಹಾಕಿದರೆ ಊರಿನ ಹೆಂಗಸರಿಗೆಲ್ಲ ಅವನ ಬೆಲೆ ಗೊತ್ತಾಗುತ್ತದೆ. ಆದರೆ ಇವಳದು ತುಂಬಿಸುವ ಪಂಪಲ್ಲ, ಖಾಲಿ ಮಾಡುವ ಪಂಪು. ಒಂದು ಪೆಟ್ಟಿಗೆಯೊಳಗಿನ ಗಾಳಿಯನ್ನು ತೆಗೆಯುವುದು, ತೆಗೆದದ್ದು ಮತ್ತೆ ಒಳಗೆ ನುಸುಳದಂತೆ ಕಾಯುವುದು. ಇಷ್ಟೇ ಕೆಲಸ. ಈ 'ಇಷ್ಟೇ'ಗೆ ಮುನ್ನೂರೈವತ್ತು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಇತಿಹಾಸ ಪಾಠ ಮಾಡುವವಳಾದ್ದರಿಂದ ಕುತೂಹಲಕ್ಕೆ ಓದಲು ಹಿಡಿದೆ. ಓದುತ್ತ ಹೋದಂತೆ ನನ್ನ ಗಮನ ಪಂಪಿಗಿಂತ ಅದರ ಹಿಡಿಕೆ ಹಿಡಿದಿದ್ದವರ ಕಡೆಗೇ ಹೊರಳಿತು.

ಮೊದಲು ಅವಳ ಪ್ರಯೋಗಾಲಯದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಒಂದು ರಜೆಯಲ್ಲಿ ಹೋಗಿದ್ದೆ. ಯಂತ್ರ ನಮ್ಮ ಮನೆಯ ಬೀರುವಿನಷ್ಟು ಎತ್ತರವಿತ್ತು, ಹಳೆಯದು. ನಡುವೆ ಒಂದು ಉಕ್ಕಿನ ಕೋಣೆ, ಅಂದರೆ ಸಣ್ಣ ಪಾತ್ರೆಯಷ್ಟು ಜಾಗ. ನೋಡಬೇಕಾದ ವಸ್ತುವನ್ನು ಅದರೊಳಗೆ ಇಡಬೇಕು. ಮೇಲಿನಿಂದ ಎಲೆಕ್ಟ್ರಾನುಗಳ ಧಾರೆ ಬಂದು ಅದರ ಮೇಲೆ ಬೀಳುತ್ತದೆ. ದಾರಿಯಲ್ಲಿ ಗಾಳಿಯ ಕಣಗಳಿದ್ದರೆ ಧಾರೆ ಅವಕ್ಕೆ ಡಿಕ್ಕಿ ಹೊಡೆದು ಚದುರಿಹೋಗುತ್ತದೆ, ಎಲೆಕ್ಟ್ರಾನು ಹೊರಡುವ ಕಾದ ತಂತಿಯೂ ಸುಟ್ಟುಹೋಗುತ್ತದೆ. ಅದಕ್ಕೇ ಗಾಳಿ ಇರಕೂಡದು.

ಅವಳು ಕೈಗೆ ತೆಳುವಾದ ಗವಸು ಹಾಕಿಕೊಂಡಳು. ಏಕೆಂದು ಕೇಳಿದೆ. "ಚಿಕ್ಕಮ್ಮ, ಬೆರಳಿನ ಜಿಡ್ಡು ಒಂದು ಚೂರು ಒಳಗೆ ಅಂಟಿದರೂ ಗಂಟೆಗಟ್ಟಲೆ ಆವಿ ಬಿಡುತ್ತಲೇ ಇರುತ್ತೆ, ಪಂಪಿಗೆ ಅದನ್ನು ಎಳೆದು ಮುಗಿಯೋದಿಲ್ಲ" ಅಂದಳು. ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಬೇಡ ಎಂದು ನಮ್ಮಮ್ಮ ಇವಳಿಗೆ ಬೈಯುತ್ತಿದ್ದದ್ದು ನೆನಪಾಯಿತು. ಬಾಗಿಲಿನ ರಬ್ಬರ್ ಬಳೆಯನ್ನು ಒರೆಸಿ, ಒಂದು ಕೂದಲೆಳೆಯೂ ಸಿಕ್ಕಿಕೊಂಡಿಲ್ಲವೆಂದು ನೋಡಿ, ಮುಚ್ಚಿ, ಮೊದಲ ಪಂಪಿನ ಗುಂಡಿ ಒತ್ತಿದಳು. ಅದು ರೋಟರಿ ಪಂಪು. ಶುರುವಿಗೆ ಗೊಳಗೊಳ ಎಂದು ಸದ್ದು ಮಾಡುತ್ತದೆ. ಗಾಳಿ ಕಡಿಮೆಯಾದಂತೆ ಸದ್ದು ಇಳಿದು ಒಂದೇ ಸಮನೆ ಗುರುಗುಟ್ಟುತ್ತದೆ. ಸೂಜಿ ನೋಡದೆಯೂ ಸದ್ದಿನಲ್ಲೇ ಅವಳಿಗೆ ತಿಳಿಯುತ್ತದೆ. ನಾವು ಹಜಾರದಲ್ಲಿ ಕುಳಿತೇ ಒಲೆಯ ಮೇಲಿನ ಹಾಲು ಉಕ್ಕುವ ಹೊತ್ತನ್ನು ತಿಳಿಯುವುದಿಲ್ಲವೇ, ಹಾಗೆ.

ರೋಟರಿ ಪಂಪು ಒಂದು ಮಟ್ಟದವರೆಗೆ ಮಾತ್ರ ಎಳೆಯಬಲ್ಲದು. ಅಲ್ಲಿಂದ ಮುಂದೆ ಡಿಫ್ಯೂಷನ್ ಪಂಪಿನ ಪಾಳಿ. ಅದರ ತಳದಲ್ಲಿ ವಿಶೇಷವಾದ ಎಣ್ಣೆ ಕುದಿಯುತ್ತಿರುತ್ತದೆ. ಆವಿ ಮೇಲೆದ್ದು ಕೊಡೆಯಾಕಾರದ ಬಾಯಿಗಳಿಂದ ರಭಸವಾಗಿ ಕೆಳಮುಖವಾಗಿ ಚಿಮ್ಮುತ್ತ, ಎದುರಿಗೆ ಸಿಕ್ಕ ಗಾಳಿಯ ಕಣಗಳನ್ನು ಕೆಳಕ್ಕೆ ತಳ್ಳುತ್ತದೆ. ಅವನ್ನು ರೋಟರಿ ಪಂಪು ಹೊರಗೆ ಸಾಗಿಸುತ್ತದೆ. ಆವಿ ಮಾತ್ರ ತಣ್ಣೀರು ಹರಿಯುವ ಗೋಡೆಗೆ ತಾಗಿ, ಇಡ್ಲಿ ಪಾತ್ರೆಯ ಮುಚ್ಚಳದ ಹಬೆಯಂತೆ ಹನಿಯಾಗಿ, ಮತ್ತೆ ತಳಕ್ಕಿಳಿಯುತ್ತದೆ. ಈ ಪಂಪನ್ನು ಎಂದೂ ಮೊದಲೇ ಕೋಣೆಗೆ ತೆರೆಯಕೂಡದು. ಕಾದ ಎಣ್ಣೆಗೆ ಒಮ್ಮೆಲೇ ಗಾಳಿ ನುಗ್ಗಿದರೆ ಎಣ್ಣೆ ಕೆಡುತ್ತದೆ, ಆವಿ ಕೋಣೆಗೆ ಹಿಮ್ಮರಳುತ್ತದೆ, ಯಂತ್ರ ಬಿಚ್ಚಿ ತೊಳೆಯಲು ದಿನಗಟ್ಟಲೆ ಬೇಕು. ಯಾವ ವಾಲ್ವು ಮೊದಲು, ಯಾವುದು ಆಮೇಲೆ, ನಲ್ಲಿಯ ತಣ್ಣೀರು ಬರುತ್ತಿದೆಯೇ, ಕರೆಂಟು ಹೋದರೆ ಮೊದಲು ಯಾವುದನ್ನು ಮುಚ್ಚಬೇಕು ಎಂಬುದೆಲ್ಲ ಅವಳ ಬೆರಳಿನಲ್ಲಿತ್ತು. ಸೂಜಿ ಕೆಳಗಿಳಿಯದಿದ್ದರೆ ಎಲ್ಲೋ ಸೋರುತ್ತಿದೆಯೆಂದು ಅರ್ಥ. ಆಗ ಒಂದೊಂದು ಜೋಡಣೆಗೂ ಸ್ಪಿರಿಟ್ ಅದ್ದಿದ ಹತ್ತಿ ತಾಗಿಸುತ್ತ, ಸೂಜಿ ಎಲ್ಲಿ ಹಾರುತ್ತದೆಂದು ನೋಡುತ್ತ ಹೋಗಬೇಕು. ಮಳೆಗಾಲದಲ್ಲಿ ಇನ್ನೂ ಕಷ್ಟ, ಬಾಗಿಲು ತೆರೆದಾಗ ತೇವ ಒಳಗಿನ ಗೋಡೆಗೆ ಅಂಟಿ ಕೂರುತ್ತದೆ.

ಅಷ್ಟೆಲ್ಲ ಮಾಡಿದ ಮೇಲೆ ಕೋಣೆಯಲ್ಲಿ ಉಳಿಯುವುದು ಹೊರಗಿನ ಗಾಳಿಯ ಹತ್ತು ಕೋಟಿಯಲ್ಲಿ ಒಂದು ಪಾಲು. ಪೂರ್ಣ ಶೂನ್ಯವೋ ಎಂದರೆ ಅದೂ ಅಲ್ಲ. ಅಷ್ಟು ಖಾಲಿಯಾದ ಮೇಲೂ ಒಂದೊಂದು ಘನ ಸೆಂಟಿಮೀಟರಿನಲ್ಲಿ ಇಪ್ಪತ್ತೈದು ಸಾವಿರ ಕೋಟಿಯಷ್ಟು ಕಣಗಳು ಉಳಿದಿರುತ್ತವಂತೆ! ನಾನು ಬಿ.ಎ. ಓದಿದವಳು, ಲೆಕ್ಕವನ್ನು ಅವಳಿಂದ ಎರಡು ಸಲ ಮಾಡಿಸಿ ನೋಡಿದೆ.

ಇನ್ನು ಹಿಂದಕ್ಕೆ ಹೋಗೋಣ.

ಶೂನ್ಯವೆಂಬುದು ಇರಲಾರದು, ಪ್ರಕೃತಿ ಅದನ್ನು ಸಹಿಸುವುದಿಲ್ಲ ಎಂದು ಅರಿಸ್ಟಾಟಲನ ಅನುಯಾಯಿಗಳು ಯೂರೋಪಿನಲ್ಲಿ ಶತಮಾನಗಳ ಕಾಲ ಹೇಳುತ್ತ ಬಂದಿದ್ದರು. ಬಾವಿಯ ನೀರು ಪಂಪಿನ ಹಿಂದೆ ಮೇಲೇರಲು ಕಾರಣ ಅದೇ ಎಂಬ ನಂಬಿಕೆ. ಆದರೆ ಎಂಥ ಪಂಪಾದರೂ ನೀರು ಹತ್ತು ಮೀಟರಿನಾಚೆಗೆ ಏರದೆಂಬುದು ಬಾವಿ ಕೆಲಸದವರಿಗೆ ಗೊತ್ತಿತ್ತು. ಗೆಲಿಲಿಯೋ ತನ್ನ 1638ರ ಪುಸ್ತಕದಲ್ಲಿ ಈ ಸಂಗತಿಯನ್ನು ಎತ್ತಿದ. ಅವನ ಶಿಷ್ಯ ಟೊರಿಸೆಲ್ಲಿ 1643-44ರಲ್ಲಿ ನೀರಿನ ಬದಲು ಪಾದರಸ ತೆಗೆದುಕೊಂಡು, ಒಂದು ಕಡೆ ಮುಚ್ಚಿದ ಗಾಜಿನ ಕೊಳವೆಯನ್ನು ತುಂಬಿ ಬೋರಲು ಹಾಕುವ ಪ್ರಯೋಗ ಸೂಚಿಸಿದ. ಪಾದರಸ 76 ಸೆಂಟಿಮೀಟರಿಗೆ ಇಳಿದು ನಿಂತಿತು, ಮೇಲೆ ಖಾಲಿ ಜಾಗ ಉಳಿಯಿತು. ಶಾಲೆಯ ಪುಸ್ತಕದಲ್ಲಿ ಟೊರಿಸೆಲ್ಲಿಯ ಹೆಸರಿದೆ. ಕೊಳವೆ ಹಿಡಿದು ಪ್ರಯೋಗ ಮಾಡಿದವನು ಅವನ ಗೆಳೆಯ ವಿವಿಯಾನಿ. 1648ರಲ್ಲಿ ಪಾಸ್ಕಲ್ ಇದೇ ಪಾದರಸವನ್ನು ಬೆಟ್ಟದ ಮೇಲೆ ಅಳೆದು ನೋಡಿದನೆಂದು ಓದುತ್ತೇವೆ. ಬೆಟ್ಟ ಹತ್ತಿದವನು ಅವನ ಭಾವ ಪೆರಿಯೇ, ಪಾಸ್ಕಲ್ ಪ್ಯಾರಿಸ್ಸಿನಲ್ಲಿದ್ದ. ಈ ಎರಡನ್ನು ಓದಿದ ಮೇಲೇ ನನಗೆ ಕೈ ಯಾರದು ಎಂದು ಹುಡುಕುವ ಚಟ ಹತ್ತಿದ್ದು.

ಗಾಳಿ ತೆಗೆಯಲೆಂದೇ ಪಂಪು ಮಾಡಿದವನು ಜರ್ಮನಿಯ ಮಾಗ್ಡೆಬುರ್ಗ್ ಪಟ್ಟಣದ ಓಟ್ಟೊ ಫಾನ್ ಗೆರಿಕೆ. ಮೂವತ್ತು ವರ್ಷಗಳ ಯುದ್ಧದಲ್ಲಿ, 1631ರಲ್ಲಿ, ಆ ಪಟ್ಟಣ ಸುಟ್ಟು ಬೂದಿಯಾಗಿ ಇಪ್ಪತ್ತು ಸಾವಿರದಷ್ಟು ಜನ ಸತ್ತರು. ಬದುಕುಳಿದ ಗೆರಿಕೆ 1646ರಲ್ಲಿ ಅದರ ಮೇಯರ್ ಆದ. ಹಾಳೂರನ್ನು ಮತ್ತೆ ಕಟ್ಟುವ ನಡುವೆ ಈ ಮನುಷ್ಯನಿಗೆ ಶೂನ್ಯದ ಗೀಳು. ಮೊದಲು ಮದ್ಯದ ಪೀಪಾಯಿಗೆ ನೀರು ತುಂಬಿ ಆ ನೀರನ್ನು ಎಳೆಸಿದ. ಮರದ ಸಂದಿಗಳಿಂದ ಗಾಳಿ ಸುಯ್ಯೆಂದು ಒಳಗೆ ನುಗ್ಗಿತು. ಆಮೇಲೆ ತಾಮ್ರದ ಗೋಳ ಮಾಡಿಸಿದ. ಗಟ್ಟಿಮುಟ್ಟಾದ ಆಳುಗಳು ಬೆವರು ಸುರಿಸಿ ಪಿಸ್ಟನ್ ಎಳೆಯುತ್ತಿರುವಾಗಲೇ ಗೋಳ ಢಮಾರೆಂದು ಹಿಂಡಿದ ಬಟ್ಟೆಯಂತೆ ಮುದುಡಿತು. ಇನ್ನೂ ಗಟ್ಟಿಯಾದುದನ್ನು ಮಾಡಿಸಿದ. 1654ರಲ್ಲಿ ರೇಗನ್ಸ್‌ಬುರ್ಗಿನಲ್ಲಿ ಚಕ್ರವರ್ತಿಯ ಮುಂದೆ ತನ್ನ ಪ್ರಯೋಗಗಳನ್ನು ತೋರಿಸಿದ. 1657ರಲ್ಲಿ ತನ್ನೂರಿನಲ್ಲೇ ಎರಡು ಅರ್ಧಗೋಳಗಳನ್ನು ಜೋಡಿಸಿ, ಒಳಗಿನ ಗಾಳಿ ತೆಗೆಸಿ, ಒಂದೊಂದು ಕಡೆಗೆ ಎಂಟೆಂಟು ಕುದುರೆ ಕಟ್ಟಿ ಎಳೆಸಿದ. ಅರ್ಧ ಮೀಟರ್ ಅಗಲದ ಆ ಗೋಳವನ್ನು ಹೊರಗಿನ ಗಾಳಿ ಎರಡು ಟನ್ ಭಾರದಷ್ಟು ಬಲದಿಂದ ಅದುಮಿತ್ತು. ಒಂದು ಕಡೆಯನ್ನು ಮರಕ್ಕೆ ಕಟ್ಟಿ ಇನ್ನೊಂದು ಕಡೆ ಎಂಟೇ ಕುದುರೆ ಹೂಡಿದ್ದರೂ ಎಳೆತ ಅಷ್ಟೇ ಇರುತ್ತಿತ್ತು. ಆದರೆ ಮೇಯರಿಗೆ ಜನ ಸೇರಿಸುವ ಕಲೆ ಗೊತ್ತಿತ್ತು. ಚಿತ್ರದಲ್ಲಿ ಕುದುರೆಗಳು ಒಂದೊಂದೂ ಎದ್ದು ಕಾಣುತ್ತವೆ. ಪಂಪು ಎಳೆದ ಆಳುಗಳ ಹೆಸರು ಎಲ್ಲೂ ಕಾಣಲಿಲ್ಲ.

ಈ ಸುದ್ದಿ ಓದಿ ಇಂಗ್ಲೆಂಡಿನ ಶ್ರೀಮಂತ ರಾಬರ್ಟ್ ಬಾಯ್ಲ್ ತನಗೂ ಒಂದು ಪಂಪು ಬೇಕೆಂದ. 1659ರಲ್ಲಿ ಅದನ್ನು ಮಾಡಿಕೊಟ್ಟವನು ಅವನ ಸಂಬಳದ ಸಹಾಯಕ ರಾಬರ್ಟ್ ಹುಕ್, ಇಪ್ಪತ್ತನಾಲ್ಕರ ಪ್ರಾಯದ ಬಡ ಪಾದ್ರಿಯ ಮಗ. ಮೇಲೆ 28 ಲೀಟರ್ ಹಿಡಿಯುವ ಗಾಜಿನ ಬುರುಡೆ, ಕೆಳಗೆ ಹಿತ್ತಾಳೆಯ ಉರುಳೆ, ಅದರೊಳಗೆ ಚರ್ಮ ಸುತ್ತಿದ ಪಿಸ್ಟನ್, ತಿರುಗಿಸಲು ಹಲ್ಲಿನ ಚಕ್ರದ ಹಿಡಿಕೆ. ನಲ್ಲಿ ಮುಚ್ಚಿ ಪಿಸ್ಟನ್ ಕೆಳಕ್ಕೆಳೆಯಬೇಕು. ನಲ್ಲಿ ತೆರೆದರೆ ಬುರುಡೆಯ ಗಾಳಿಯಲ್ಲಿ ಒಂದು ಪಾಲು ಉರುಳೆಗೆ ಇಳಿಯುತ್ತದೆ. ಮತ್ತೆ ನಲ್ಲಿ ಮುಚ್ಚಿ, ಬೂಚು ತೆಗೆದು, ಪಿಸ್ಟನ್ ಮೇಲಕ್ಕೊತ್ತಿ ಆ ಗಾಳಿಯನ್ನು ಹೊರಗೆ ದಬ್ಬಬೇಕು. ಬೂಚು ಹಾಕಿ ಮತ್ತೆ ಮೊದಲಿನಿಂದ. ಪ್ರತಿ ಸುತ್ತಿಗೂ ಹಿಡಿಕೆ ಬಿಗಿಯಾಗುತ್ತ ಹೋಗುತ್ತದೆ, ಸಿಗುವ ಗಾಳಿ ಕಡಿಮೆಯಾಗುತ್ತ ಹೋಗುತ್ತದೆ. ಸೋರುವ ಕಡೆಗೆಲ್ಲ ಅಡುಗೆಯ ಎಣ್ಣೆ ಸುರಿಯುತ್ತಿದ್ದರು.

ಎಣ್ಣೆಯ ಮಾತು ಓದಿದಾಗ ನಮ್ಮ ಹೈಸ್ಕೂಲಿನ ಅಟೆಂಡರ್ ಕಣ್ಣ ಮುಂದೆ ಬಂದ. ಗಾಜಿನ ಗಂಟೆಪಾತ್ರೆಯೊಳಗೆ ಎಲೆಕ್ಟ್ರಿಕ್ ಬೆಲ್ ಇಟ್ಟು, ಗಾಳಿ ತೆಗೆದರೆ ಸದ್ದು ಕೇಳದೆಂದು ತೋರಿಸುವ ಪ್ರಯೋಗ ನಿಮಗೂ ನೆನಪಿರಬಹುದು. ಮೇಷ್ಟ್ರು ಪಾಠ ಹೇಳುತ್ತಿದ್ದರು, ಪಂಪು ಹೊಡೆಯುತ್ತಿದ್ದವನು ಅಟೆಂಡರ್. ಪಾತ್ರೆಯ ಅಂಚಿಗೆ ಎಷ್ಟು ವ್ಯಾಸಲೀನ್ ಸವರಬೇಕೆಂಬುದು ಅವನಿಗೊಬ್ಬನಿಗೇ ತಿಳಿದಿತ್ತು. ಅವನು ರಜದಲ್ಲಿದ್ದ ವರ್ಷ ಬೆಲ್ಲು ಕೊನೆಯವರೆಗೂ ಟ್ರಿಣ್ ಎನ್ನುತ್ತಲೇ ಇತ್ತು.

ಬಾಯ್ಲನ ಪುಸ್ತಕ 1660ರಲ್ಲಿ ಬಂತು. ಹುಕ್‌ನ ನೆರವನ್ನು ಅವನು ಅದರಲ್ಲಿ ಮುಚ್ಚಿಡಲಿಲ್ಲ. ಹುಕ್ ಮುಂದೆ ರಾಯಲ್ ಸೊಸೈಟಿಯಲ್ಲಿ ಪ್ರಯೋಗ ತೋರಿಸುವ ಕೆಲಸಕ್ಕೆ ನೇಮಕವಾಗಿ ತಾನೇ ದೊಡ್ಡ ವಿಜ್ಞಾನಿಯಾದ. 1671ರಲ್ಲಿ ಅವನು ಮನುಷ್ಯ ಕೂರುವಷ್ಟು ದೊಡ್ಡ ಪೀಪಾಯಿ ಮಾಡಿಸಿ, ತಾನೇ ಒಳಗೆ ಕುಳಿತು ಗಾಳಿ ತೆಗೆಸಿಕೊಂಡ, ಕಿವಿನೋವಿನೊಡನೆ ಹೊರಬಂದ. 1667ರ ಮೇ 30ರಂದು ಅದೇ ಸೊಸೈಟಿಗೆ ಮಾರ್ಗರೆಟ್ ಕ್ಯಾವೆಂಡಿಶ್ ಎಂಬ ಡಚೆಸ್ ಬಂದಿದ್ದಳು. ಅಲ್ಲಿನ ಸಭೆಗೆ ಕಾಲಿಟ್ಟ ಮೊದಲ ಹೆಂಗಸು. ಪ್ರಯೋಗಗಳನ್ನು ಕುರಿತು ಪ್ರಶ್ನೆ ಎತ್ತಿ ಹಿಂದಿನ ವರ್ಷವಷ್ಟೆ ಪುಸ್ತಕ ಬರೆದಿದ್ದವಳು. ಅವಳಿಗೆ ಗಾಳಿಯನ್ನು ತೂಗಿ ತೋರಿಸಿದರು. ಅಲ್ಲಿದ್ದ ಪೀಪ್ಸ್ ಎಂಬಾತ ದಿನಚರಿಯಲ್ಲಿ ಅವಳ ಉಡುಪಿನ ಬಗ್ಗೆ ಕೊಂಕು ಬರೆದುಕೊಂಡ. ಹೆಂಗಸರನ್ನು ಆ ಸೊಸೈಟಿಯ ಸದಸ್ಯರನ್ನಾಗಿ ಆರಿಸಿದ್ದು 1945ರಲ್ಲಿ!

ನನಗೆ ಇವರೆಲ್ಲರಿಗಿಂತ ಪ್ರಿಯನಾದವನು ಡೆನಿಸ್ ಪಾಪಿನ್. ನೀವು ಅವನ ಹೆಸರು ಕೇಳಿಲ್ಲದಿರಬಹುದು, ಆದರೆ ದಿನಾ ಬೆಳಿಗ್ಗೆ ಅವನ ಸದ್ದು ಕೇಳುತ್ತೀರಿ. ಫ್ರಾನ್ಸಿನವನು, ವೈದ್ಯ ಓದಿದವನು. ಪ್ಯಾರಿಸ್ಸಿನಲ್ಲಿ ಹೈಗೆನ್ಸ್‌ನ ಪಂಪು ನಡೆಸುತ್ತಿದ್ದ. 1675ರಲ್ಲಿ ಲಂಡನ್ನಿಗೆ ಬಂದು ಬಾಯ್ಲನಲ್ಲಿ ಕೆಲಸಕ್ಕೆ ಸೇರಿದ. ಅವನು ತಂದ ಪಂಪಿಗೆ ಒಂದರ ಬದಲು ಎರಡು ಉರುಳೆ. ಕೈ ನೋಯಿಸಿಕೊಂಡು ಹಿಡಿಕೆ ತಿರುಗಿಸುವುದಿಲ್ಲ. ನಿಂತು ಒಂದಾದ ಮೇಲೊಂದು ಕಾಲು ತುಳಿದರೆ ಸಾಕು, ವಾಲ್ವುಗಳು ತಾವೇ ತೆರೆದು ಮುಚ್ಚಿಕೊಳ್ಳುತ್ತಿದ್ದವು. ಪಂಪು ಹೊಡೆದು ಸುಸ್ತಾದವನಿಗೆ ಮಾತ್ರ ಹೊಳೆಯುವ ಉಪಾಯ ಅದು ಎಂದು ನನಗನಿಸುತ್ತದೆ. ಬಾಯ್ಲನ ಮುಂದಿನ ಪುಸ್ತಕದ ಪ್ರಯೋಗಗಳಲ್ಲಿ ಹೆಚ್ಚಿನವನ್ನು ಮಾಡಿದ್ದೂ, ಬರೆದಿಟ್ಟದ್ದೂ ಪಾಪಿನ್. ಅದನ್ನು ಬಾಯ್ಲನೇ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ. ಆದರೂ ರಟ್ಟಿನ ಮೇಲಿದ್ದದ್ದು ಬಾಯ್ಲನ ಹೆಸರೇ.

ವರ್ಷಗಟ್ಟಲೆ ಪಾತ್ರೆಯಿಂದ ಗಾಳಿ ತೆಗೆದು ತೆಗೆದು, ಬಿಗಿಯಾದ ಮುಚ್ಚಳ, ಸೋರದ ಜೋಡಣೆ, ವಾಲ್ವು ಇವುಗಳ ಗುಟ್ಟೆಲ್ಲ ತಿಳಿದಿದ್ದ ಪಾಪಿನ್ 1679ರಲ್ಲಿ ಅದನ್ನೇ ತಿರುವು ಮುರುವು ಮಾಡಿದ. ಒಳಗಿನದನ್ನು ಹೊರಗೆ ಬಿಡದ ಪಾತ್ರೆ ಮಾಡಿದ. ಆವಿ ಒಳಗೇ ತುಂಬಿ ಒತ್ತಡವೇರುತ್ತದೆ, ನೀರು ಮಾಮೂಲಿಗಿಂತ ಹೆಚ್ಚು ಕಾಯುತ್ತದೆ, ಗಟ್ಟಿ ಮೂಳೆಯೂ ಬೆಂದು ಮೆತ್ತಗಾಗುತ್ತದೆ. ಒತ್ತಡ ಮಿತಿಮೀರಿದರೆ ತಾನೇ ಎದ್ದು ಆವಿ ಬಿಡುವ, ಭಾರ ಹೇರಿದ ವಾಲ್ವನ್ನೂ ಇಟ್ಟ. ಹೌದು, ನಮ್ಮ ಪ್ರೆಷರ್ ಕುಕ್ಕರೇ! 1682ರಲ್ಲಿ ಸೊಸೈಟಿಯ ಮಹನೀಯರು ಅದರಲ್ಲಿ ಬೇಯಿಸಿದ ಊಟ ಉಂಡು ತೃಪ್ತರಾದರು. ಪಾಪಿನ್ ಪ್ರಾಟೆಸ್ಟೆಂಟ್, 1685ರಲ್ಲಿ ಫ್ರಾನ್ಸಿನ ರಾಜ ಅವರಿಗಿದ್ದ ರಕ್ಷಣೆಯನ್ನು ಕಿತ್ತುಕೊಂಡ ಮೇಲೆ ಊರಿಗೆ ಮರಳುವ ದಾರಿ ಮುಚ್ಚಿತು. ಕೊನೆಗಾಲವನ್ನು ಲಂಡನ್ನಿನಲ್ಲಿ ಬಡತನದಲ್ಲಿ ಕಳೆದ. ನಮ್ಮ ತೊಗರಿಬೇಳೆ ಬೇಯುವುದು ಅವನ ಋಣದಲ್ಲಿ.

ಮುಂದಿನ ಇನ್ನೂರು ವರ್ಷ ಪಂಪು ನಯವಾಯಿತೇ ಹೊರತು ಬುನಾದಿ ಬದಲಾಗಲಿಲ್ಲ. ಪಿಸ್ಟನ್ನಿಗೂ ಉರುಳೆಗೂ ನಡುವೆ ಎಷ್ಟಾದರೂ ಸಂದಿ ಇದ್ದೇ ಇರುತ್ತದಲ್ಲ. 1855ರಲ್ಲಿ ಗೈಸ್ಲರ್ ಎಂಬ ಗಾಜಿನ ಕುಶಲಕರ್ಮಿ ಪಿಸ್ಟನ್ನಿನ ಬದಲು ಪಾದರಸವನ್ನೇ ಬಳಸಿದ. 1865ರಲ್ಲಿ ಸ್ಪ್ರೆಂಗೆಲ್ ಪಾದರಸವನ್ನು ಸಣ್ಣ ಗಾಜಿನ ಕೊಳವೆಯಲ್ಲಿ ಹನಿಹನಿಯಾಗಿ ಬೀಳಿಸಿದ. ಹನಿ ಹನಿಯ ನಡುವೆ ಒಂದು ಗುಳ್ಳೆ ಗಾಳಿ ಸಿಕ್ಕಿ ಕೆಳಗೆ ಹೋಗುತ್ತದೆ. ಆದರೆ ಕೆಳಗೆ ಬಿದ್ದ ಪಾದರಸವನ್ನು ಮತ್ತೆ ಮೇಲಿನ ಬಟ್ಟಲಿಗೆ ಹೊತ್ತು ಸುರಿಯುವವರು ಬೇಕು. ನೀರಿಗಿಂತ ಹದಿಮೂರೂವರೆ ಪಟ್ಟು ಭಾರ, ಆವಿಯೋ ವಿಷ.

ಎಡಿಸನ್ 1879ರಲ್ಲಿ ದೀಪ ಮಾಡಿದ ಕಥೆ ಎಲ್ಲರಿಗೂ ಗೊತ್ತು. ಗಾಜಿನೊಳಗೆ ಗಾಳಿ ಉಳಿದಿದ್ದರೆ ಕಾದ ಇಂಗಾಲದ ಎಳೆ ಕ್ಷಣದಲ್ಲಿ ಉರಿದುಹೋಗುತ್ತದೆ. ಎಳೆಯಷ್ಟೇ ಪಂಪೂ ಮುಖ್ಯ. ಗೈಸ್ಲರ್, ಸ್ಪ್ರೆಂಗೆಲ್ ಪಂಪುಗಳೆರಡನ್ನೂ ಜೋಡಿಸಿ, ಎಳೆಯನ್ನು ಕಾಯಿಸುತ್ತಲೇ ಅದರೊಳಗೆ ಅಡಗಿದ ಅನಿಲವನ್ನೂ ಹೊರಗೆಳೆಯುತ್ತಿದ್ದರು. ಗಾಜು ಊದಿದವನು ಬೋಮ್, ಪಂಪು ನಡೆಸಿದವನು ಇಪ್ಪತ್ತು ತುಂಬದ ಹುಡುಗ ಫ್ರಾನ್ಸಿಸ್ ಜೆಹ್ಲ್. ಐವತ್ತು ವರ್ಷದ ನಂತರ, 1929ರ ಅಕ್ಟೋಬರ್ 21ರಂದು, ಹೆನ್ರಿ ಫೋರ್ಡ್ ಡಿಯರ್‌ಬಾರ್ನಿನಲ್ಲಿ ಆ ಹಳೆಯ ಪ್ರಯೋಗಾಲಯವನ್ನು ಹಾಗೆಯೇ ಮತ್ತೆ ಕಟ್ಟಿಸಿ ಉತ್ಸವ ಮಾಡಿದಾಗ, ಅಧ್ಯಕ್ಷ ಹೂವರ್ ಎದುರಿಗೆ ಮುದುಕ ಎಡಿಸನ್ ಪಕ್ಕದಲ್ಲಿ ಅದೇ ಪಂಪನ್ನು ನಡೆಸಲು ಜೆಹ್ಲ್‌ನನ್ನೇ ಕರೆಸಿದ್ದರು. ಇತಿಹಾಸದಲ್ಲಿ ಇಂಥ ಮರ್ಯಾದೆ ಅಪರೂಪ. ಶಿವನಸಮುದ್ರದ ಕರೆಂಟಿನಿಂದ 1905ರಲ್ಲಿ ಬೆಂಗಳೂರಿನಲ್ಲಿ ದೀಪ ಹತ್ತಿತಲ್ಲ, ಆ ಬುರುಡೆಗಳ ಹಿಂದೆಯೂ ಎಲ್ಲೋ ಯಾರೋ ಪಂಪಿನ ಬಳಿ ನಿಂತಿರಲೇಬೇಕು.

ಆಮೇಲಿನದು ಬೇಗ ಬೇಗ ನಡೆಯಿತು. ಜರ್ಮನಿಯ ಗೇಡೆ 1905ರಲ್ಲಿ ತಿರುಗುವ ಪಂಪು, 1915ರಲ್ಲಿ ಡಿಫ್ಯೂಷನ್ ಪಂಪು ಮಾಡಿದ. 1928ರಲ್ಲಿ ಬರ್ಚ್ ಎಂಬಾತ ಪಾದರಸದ ಜಾಗಕ್ಕೆ ಎಣ್ಣೆ ತಂದ. ನಮ್ಮ ಹುಡುಗಿಯ ಯಂತ್ರ ಆ ವಂಶದ್ದೇ.

ಅವಳು ತೆಗೆದ ಚಿತ್ರಗಳುಳ್ಳ ಒಂದು ಸಂಶೋಧನಾ ಲೇಖನವನ್ನು ನನಗೆ ತೋರಿಸಿದ್ದಳು. ಒಂಬತ್ತು ಚಿತ್ರ, ಒಂಬತ್ತೂ ಅವಳವೇ. ಲೇಖಕರ ಪಟ್ಟಿಯಲ್ಲಿ ಐದು ಹೆಸರು. ಕೊನೆಯಲ್ಲಿ ತಾಂತ್ರಿಕ ಸಿಬ್ಬಂದಿಗೆ ಕೃತಜ್ಞತೆ ಎಂದು ಒಂದು ಸಾಲು, ಹೆಸರಿಲ್ಲದೆ. "ನಿನ್ನ ಹೆಸರೆಲ್ಲಿ?" ಎಂದೆ. "ಚಿತ್ರ ಚೆನ್ನಾಗಿ ಬಂದಿದೆ ಅಲ್ವಾ ಚಿಕ್ಕಮ್ಮ" ಅಂದಳು. ಅದು ಉತ್ತರವಲ್ಲವೆಂದು ಅವಳಿಗೂ ಗೊತ್ತು. ಹೆಸರು ಬರೆಯಲು ಬೇಕಾದದ್ದು ಎರಡು ಪದದಷ್ಟು ಜಾಗ. ಬಾಯ್ಲ್ 1680ರಲ್ಲೇ ಅಷ್ಟು ಜಾಗ ಮಾಡಿಕೊಟ್ಟಿದ್ದ.

ಇದು ಬರೀ ಮರ್ಯಾದೆಯ ಪ್ರಶ್ನೆಯೂ ಅಲ್ಲ. ಜೆ. ಜೆ. ಥಾಮ್ಸನ್ 1897ರಲ್ಲಿ ಕೇಂಬ್ರಿಡ್ಜಿನಲ್ಲಿ ಎಲೆಕ್ಟ್ರಾನನ್ನು ಕಂಡುಹಿಡಿದದ್ದನ್ನು ನೋಡಿ. ಕ್ಯಾಥೋಡ್ ಕಿರಣಗಳು ವಿದ್ಯುತ್ ಕಣಗಳಾಗಿದ್ದರೆ, ವಿದ್ಯುತ್ ಹಾಯಿಸಿದ ಎರಡು ಫಲಕಗಳ ನಡುವೆ ಹಾದುಹೋಗುವಾಗ ಒಂದು ಕಡೆ ಬಾಗಬೇಕಿತ್ತು. ಹರ್ಟ್ಸ್ ಎಂಬ ಮಹಾ ವಿಜ್ಞಾನಿ 1883ರಲ್ಲಿ ನೋಡಿದಾಗ ಬಾಗಲಿಲ್ಲ. ಥಾಮ್ಸನ್ನನಿಗೂ ಮೊದಲು ಅದೇ ಫಲ. ಕೊಳವೆಯಲ್ಲಿ ಉಳಿದ ಗಾಳಿಯೇ ವಿದ್ಯುತ್ತನ್ನು ಹರಿಸಿ ಫಲಕಗಳ ಬಲವನ್ನು ಅಳಿಸಿಹಾಕುತ್ತಿದೆ ಎಂದು ಅವನಿಗೆ ಹೊಳೆಯಿತು. ಇನ್ನಷ್ಟು ಖಾಲಿ ಮಾಡಬೇಕು. ಥಾಮ್ಸನ್ನನ ಕೈ ಗಾಜಿನ ಕೆಲಸಕ್ಕೆ ಆಗಿಬರುತ್ತಿರಲಿಲ್ಲ, ಮುಟ್ಟಿದರೆ ಒಡೆಯುವ ಭಯ. ಕೊಳವೆ ಊದಿ ಮಾಡುತ್ತಿದ್ದವನು, ಪಾದರಸದ ಪಂಪಿಗೆ ಜೋಡಿಸಿ ತಾಳ್ಮೆಯಿಂದ ಗಾಳಿ ತೆಗೆಯುತ್ತಿದ್ದವನು ಅವನ ಸಹಾಯಕ ಎಬೆನೆಜರ್ ಎವೆರೆಟ್. ಗಾಳಿ ಇಳಿಯುತ್ತ ಇಳಿಯುತ್ತ ಬಂತು. ಫಲಕಗಳಿಗೆ ವಿದ್ಯುತ್ ಕೊಟ್ಟರು. ಕೊಳವೆಯ ತುದಿಯಲ್ಲಿದ್ದ ಬೆಳಕಿನ ಚುಕ್ಕೆ ಈ ಸಲ ಜಾಗ ಬಿಟ್ಟು ಸರಿಯಿತು.